ಓಪನ್‌ಫೋಮ್: ಮೆಶ್ ಸಣ್ಣದು ಮಾಡಿದ ಕೂಡಲೇ ರನ್ ನಿಂತುಹೋದರೆ

ಬದಿಯಡ್ಕದಲ್ಲಿ ನಮ್ಮ ಅಡಿಕೆ ಒಣಗಿಸುವ ಸೋಲಾರ್ ಗೂಡಿನೊಳಗೆ ಗಾಳಿ ಹೇಗೆ ತಿರುಗುತ್ತದೆ ಅಂತ ನೋಡಲು, ಗಾಳಿ-ನೀರಿನ ಹರಿವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ಓಪನ್‌ಫೋಮ್ ತಂತ್ರಾಂಶ ಕಲಿಯಲು ಕೂತೆ. ಮೊದಲು ಅದರ ಜೊತೆಗೇ ಬರುವ ಕ್ಯಾವಿಟಿ ಪಾಠ, ಅಂದರೆ ಮೇಲಿನ ಮುಚ್ಚಳ ಸರಿಯುತ್ತಿರುವ ಚೌಕ ಪೆಟ್ಟಿಗೆಯೊಳಗಿನ ಹರಿವು. 20×20 ಮೆಶ್ (ಪೆಟ್ಟಿಗೆಯನ್ನು ಸಣ್ಣ ಕೋಶಗಳಾಗಿ ಹಂಚಿದ ಬಲೆ) ಸಲೀಸಾಗಿ ಓಡಿತು. 100×100 ಮಾಡಿದ್ದೇ ತಡ, ಹರಿವಿನ ಲೆಕ್ಕ ಬಿಡಿಸುವ ಪ್ರೋಗ್ರಾಂ ಐಕೋಫೋಮ್ ‘ಫ್ಲೋಟಿಂಗ್ ಪಾಯಿಂಟ್ ಎಕ್ಸೆಪ್ಶನ್’ ಅಂತ ನಿಂತುಬಿಟ್ಟಿತು.

ಅಳಿಸಿ ಮತ್ತೆ ಇನ್‌ಸ್ಟಾಲ್ ಮಾಡಿದೆ, ಆಗಲಿಲ್ಲ. ಒತ್ತಡದ ಟಾಲರೆನ್ಸ್ (ಲೆಕ್ಕದಲ್ಲಿ ಎಷ್ಟು ತಪ್ಪು ಉಳಿದರೆ ಸಾಕು ಅನ್ನುವ ಮಿತಿ) ಬದಲಿಸಿದೆ, ಅದೂ ಇಲ್ಲ. ಮೆಶ್ ಪರೀಕ್ಷಿಸುವ ಚೆಕ್‌ಮೆಶ್ ಮಾತ್ರ ‘ಮೆಶ್ ಓಕೆ’ ಅನ್ನುತ್ತಲೇ ಇತ್ತು.

ತಪ್ಪು ಇದ್ದದ್ದು ಡೆಲ್ಟಾಟಿಯಲ್ಲಿ, ಅಂದರೆ ಲೆಕ್ಕದ ಒಂದು ಹೆಜ್ಜೆಗೆ ಎಷ್ಟು ಸೆಕೆಂಡು ಅನ್ನುವುದರಲ್ಲಿ. ಟರ್ಮಿನಲ್‌ನಲ್ಲಿ ಪ್ರತಿ ಹೆಜ್ಜೆಗೂ ಕೂರಂಟ್ ನಂಬರ್ ಬರುತ್ತದಲ್ವಾ, ಅದರ ಮ್ಯಾಕ್ಸ್ ನೋಡಿ. ಅದು ವೇಗವನ್ನು ಡೆಲ್ಟಾಟಿಯಿಂದ ಗುಣಿಸಿ ಒಂದು ಕೋಶದ ಅಗಲದಿಂದ ಭಾಗಿಸಿದ ಲೆಕ್ಕ. ಪೆಟ್ಟಿಗೆ 0.1 ಮೀಟರ್, ಮುಚ್ಚಳದ ವೇಗ ಸೆಕೆಂಡಿಗೆ 1 ಮೀಟರ್, ಡೆಲ್ಟಾಟಿ 0.005. ಸಾಲಿಗೆ 20 ಕೋಶ ಇದ್ದರೆ ಉತ್ತರ 1, 100 ಇದ್ದರೆ 5. ಐಕೋಫೋಮ್‌ಗೆ 1 ದಾಟಿಸಬೇಡಿ.

ಈ ಕ್ರಮದಲ್ಲೇ ಮಾಡಿ. ಮೆಶ್‌ನ ವಿವರ ಇರುವ ಬ್ಲಾಕ್‌ಮೆಶ್‌ಡಿಕ್ಟ್ ಫೈಲಿನಲ್ಲಿ ಕೋಶಗಳ ಸಂಖ್ಯೆ (100 100 1) ಮಾಡಿ. ರನ್‌ನ ಸಮಯದ ವಿವರ ಇರುವ ಕಂಟ್ರೋಲ್‌ಡಿಕ್ಟ್ ಫೈಲಿನಲ್ಲಿ ಡೆಲ್ಟಾಟಿ 0.0005, ರೈಟ್‌ಇಂಟರ್ವಲ್ (ಎಷ್ಟು ಹೆಜ್ಜೆಗೊಮ್ಮೆ ಫಲಿತಾಂಶ ಉಳಿಸಬೇಕು ಅನ್ನುವುದು) 20 ಇದ್ದದ್ದನ್ನು 200 ಮಾಡಿ, ಇಲ್ಲದಿದ್ದರೆ ಸುಮ್ನೆ 50 ಫೋಲ್ಡರ್ ಬಿದ್ದಿರುತ್ತವೆ. ಹಳೆಯ 0.1, 0.2 ಫೋಲ್ಡರ್‌ಗಳನ್ನೆಲ್ಲ ಅಳಿಸಿ, ಆರಂಭದ ಸ್ಥಿತಿ ಇರುವ 0 ಫೋಲ್ಡರ್ ಮಾತ್ರ ಮುಟ್ಟಬೇಡಿ. ಆಮೇಲೆ ಮೆಶ್ ಕಟ್ಟುವ ಬ್ಲಾಕ್‌ಮೆಶ್ ಓಡಿಸಿ, ಕೊನೆಗೆ ಐಕೋಫೋಮ್. ನನಗೆ ಕೂರಂಟ್ ಮ್ಯಾಕ್ಸ್ 0.5ರ ಆಸುಪಾಸಿನಲ್ಲೇ ಇದ್ದು, 1000 ಹೆಜ್ಜೆಯೂ ಮುಗಿಯಿತು.