ಬೆಳ್ಳಿ ರೂಪಾಯಿ ತಕ್ಕಡಿಗೆ ಹಾಕುವ ಮೊದಲು ಇಸವಿ ನೋಡಿ

ತುಳುನಾಡಿನ ಆಟಿ ತಿಂಗಳ ಮಳೆಗೆ ಹೊರಗೆ ಕಾಲಿಡುವ ಹಾಗಿಲ್ಲದಾಗ ನಮ್ಮ ಉಡುಪಿ ಮನೆಯಲ್ಲಿ ಕಪಾಟು ಖಾಲಿ ಮಾಡುವ ಕೆಲಸ ಶುರುವಾಗುತ್ತದೆ. ಹೋದ ಸಲ ಅಜ್ಜಿಯ ಮರದ ಪೆಟ್ಟಿಗೆಯ ಅಡಿಯಲ್ಲಿ ಹಳೇ ಬಟ್ಟೆಯ ಗಂಟೊಂದು ಸಿಕ್ಕಿತು. ಬಿಚ್ಚಿದರೆ 17 ಬೆಳ್ಳಿ ರೂಪಾಯಿ, ಕೊಂಡಿ ಮುರಿದ ನೇವಳ (ಸೊಂಟದ ಸರ), ತುಂಡಾದ ಚೈನು, ಕಿವಿಯ ಒಂಟಿ ಬೆಂಡೋಲೆ. ಮಾಡಿನ ಹಂಚು ಬದಲಿಸಲು ದುಡ್ಡು ಬೇಕಿತ್ತು, ಗಂಟು ಚೀಲಕ್ಕೆ ಹಾಕಿಕೊಂಡು ಸೀದಾ ಪೇಟೆಗೆ ಹೋದೆ. ಅಲ್ಲೇ ನಾನು ತಪ್ಪಿದ್ದು.

ಅಂಗಡಿಯವರು 17 ರೂಪಾಯಿಯನ್ನೂ ಒಟ್ರಾಶಿ ತಕ್ಕಡಿಗೆ ಸುರಿದರು. "ಇದೆಲ್ಲ ಅರ್ಧ ಬೆಳ್ಳಿ ಅಕ್ಕಾ" ಎಂದು ಒಂದು ಮೊತ್ತ ಹೇಳಿದರು. ನನಗೆ ಏನೂ ಗೊತ್ತಿರಲಿಲ್ಲ, ಆದರೂ ಯಾಕೋ ಮನಸ್ಸು ಒಪ್ಪದೆ ವಾಪಸ್ ತಂದೆ. ಆಮೇಲೆ ಒಂದು ವಾರ ಕೂತು ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಮನೆಯವರನ್ನು ಕೇಳಿ

ಇದು ಸಣ್ಣ ಮಾತು ಅನಿಸಬಹುದು. ಆದರೆ ನಮ್ಮ ಕಡೆ ಅಜ್ಜಿಯ ಒಡವೆ ಎಂದರೆ ಅದರಲ್ಲಿ ಚಿಕ್ಕಮ್ಮನಿಗೂ ಪಾಲು, ಮಾವನಿಗೂ ಮಾತು. ಕುಟುಂಬದ ದೈವಕ್ಕೆ ಸೇರಿದ ಬೆಳ್ಳಿ ಸಾಮಾನು ಅದೇ ಕಪಾಟಿನಲ್ಲಿದ್ದರೆ ಅದನ್ನು ಬೇರೆ ತೆಗೆದಿಡಿ. ಅದು ಒಬ್ಬರ ಸೊತ್ತಲ್ಲ, ಮಾರಿದ ಮೇಲೆ ಗೊತ್ತಾದರೆ ಹಂಚಿನ ದುಡ್ಡಿಗಿಂತ ಜಗಳದ ಖರ್ಚೇ ಜಾಸ್ತಿ.

ಇನ್ನೊಂದು. ಅಡಿಪಾಯ ತೋಡುವಾಗಲೋ ತೋಟದಲ್ಲಿ ಗುಂಡಿ ತೆಗೆಯುವಾಗಲೋ ಸಿಕ್ಕಿದ ನಾಣ್ಯ ನಿಮ್ಮದಲ್ಲ. ಅದಕ್ಕೆ ನಿಧಿ ಕಾಯ್ದೆ ಇದೆ, ಸರಕಾರಕ್ಕೆ ತಿಳಿಸಲೇಬೇಕು. ಮನೆತನದಿಂದ ಬಂದದ್ದನ್ನು ಮಾರಲು ಅಡ್ಡಿಯಿಲ್ಲ. ಆದರೆ 100 ವರ್ಷ ದಾಟಿದ ನಾಣ್ಯವನ್ನು ದುಬೈಯಲ್ಲಿರುವ ಭಾವನ ಕೈಯಲ್ಲಿ ಕಳಿಸಿ ಅಲ್ಲಿ ಮಾರುವ ಯೋಚನೆ ಬೇಡ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ಅದು ದೇಶದಾಚೆ ಹೋಗುವಂತಿಲ್ಲ.

ನಾಣ್ಯ ತಿಕ್ಕಬೇಡಿ

ಕರಾವಳಿಯ ಗಾಳಿಗೆ ಬೆಳ್ಳಿ ಕಪ್ಪಾಗುತ್ತದೆ. ಹುಣಸೆಹುಳಿ, ವಿಭೂತಿ, ಟೂತ್‌ಪೇಸ್ಟ್ ಹಾಕಿ ಫಳಫಳ ಮಾಡಲು ಕೈ ತುರಿಸುತ್ತದೆ, ನನ್ನ ಅಮ್ಮ ಎರಡು ನಾಣ್ಯವನ್ನು ಆಗಲೇ ತಿಕ್ಕಿಯಾಗಿತ್ತು! ಸಂಗ್ರಹ ಮಾಡುವವರಿಗೆ ಆ ಕಪ್ಪು ಬೇಕು, ತಿಕ್ಕಿದ ಗೀರು ಕಂಡರೆ ಬೆಲೆ ಇಳಿಸುತ್ತಾರೆ. ಸರಕ್ಕೆ ಪೋಣಿಸಲು ಕೊಂಡಿ ಬೆಸೆದ ನಾಣ್ಯಕ್ಕೂ ಅದೇ ಗತಿ, ಅದು ಬರೀ ಬೆಳ್ಳಿಯ ಲೆಕ್ಕಕ್ಕೆ ಹೋಗುತ್ತದೆ.

ಇಸವಿ ನೋಡಿ ಗುಂಪು ಮಾಡಿ

ಇಡೀ ವ್ಯವಹಾರದ ಗುಟ್ಟು ಇಲ್ಲಿದೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಬ್ರಿಟಿಷರ ಕಾಲದ ಒಂದು ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ. ಅರ್ಧ ರೂಪಾಯಿ ಅದರ ಅರ್ಧ, ನಾಲ್ಕಾಣೆ ಅದರ ಕಾಲು ಭಾಗ. ವಿಕ್ಟೋರಿಯಾ ರಾಣಿಯದ್ದು, ಏಳನೇ ಎಡ್ವರ್ಡ್‌ನದ್ದು, ಐದನೇ ಜಾರ್ಜ್‌ನದ್ದು, ಆರನೇ ಜಾರ್ಜ್‌ನ 1938 ಮತ್ತು 1939ರದ್ದು, ಇವೆಲ್ಲದರಲ್ಲಿ ನೂರಕ್ಕೆ 91.7 ಭಾಗ ಬೆಳ್ಳಿ. ಒಂದು ರೂಪಾಯಿಯಲ್ಲಿ ಸುಮಾರು 10.69 ಗ್ರಾಂ ಶುದ್ಧ ಬೆಳ್ಳಿ ಸಿಗುತ್ತದೆ. ಎರಡನೇ ಮಹಾಯುದ್ಧದ ಹೊತ್ತಿಗೆ ಬೆಳ್ಳಿಗೆ ಬರ ಬಂತು, 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧಕ್ಕರ್ಧ ಮಾತ್ರ, 5.83 ಗ್ರಾಂ. 1947ರ ರೂಪಾಯಿಯ ಹಿಂದೆ ಹುಲಿ ಇದೆ, ಅದು ನೋಡಲು ಚಂದ, ಆದರೆ ಪೂರ್ತಿ ನಿಕ್ಕಲ್. ಮ್ಯಾಗ್ನೆಟ್ ಹಿಡಿದರೆ ಅಂಟಿಕೊಳ್ಳುತ್ತದೆ. ಬೆಳ್ಳಿ ಅಂಟುವುದಿಲ್ಲ.

ಈಗ ನನ್ನ ಗಂಟಿನ ಲೆಕ್ಕ ನೋಡಿ. 17ರಲ್ಲಿ 12 ಹಳೆಯವು, 5 ಯುದ್ಧಕಾಲದವು. ಬೆಳ್ಳಿ ದರ ದಿನಾ ಏರಿಳಿಯುತ್ತದೆ, ಸುಮ್ನೆ ಲೆಕ್ಕಕ್ಕೆ ಗ್ರಾಂಗೆ 100 ರೂಪಾಯಿ ಎಂದಿಟ್ಟುಕೊಳ್ಳೋಣ. ಹಳೆಯ 12ಕ್ಕೆ 12,828 ರೂಪಾಯಿ. ಯುದ್ಧಕಾಲದ 5ಕ್ಕೆ 2,915. ಒಟ್ಟು 15,743. ಎಲ್ಲವನ್ನೂ ಅರ್ಧ ಬೆಳ್ಳಿ ಎಂದು ತೂಗಿದರೆ? 9,911. ಇಸವಿ ಓದದ್ದಕ್ಕೆ ಹೋಗುತ್ತಿದ್ದದ್ದು 5,832 ರೂಪಾಯಿ ಮಾರಾಯ್ರೆ! ಸವೆದ ನಾಣ್ಯ ಸ್ವಲ್ಪ ಕಡಿಮೆ ತೂಗುತ್ತದೆ, ಅಂಗಡಿಯವರಿಗೂ ಕರಗಿಸುವ ಖರ್ಚು, ಲಾಭ ಎಲ್ಲ ಬೇಕು, ಹಾಗಾಗಿ ಪೂರ್ತಿ ಮೊತ್ತ ಕೈಗೆ ಬರುವುದಿಲ್ಲ. ಆದರೆ ಚೌಕಾಶಿ 15,743ರಿಂದ ಕೆಳಗಿಳಿಯಬೇಕು, 9,911ರಿಂದ ಅಲ್ಲ.

ಸ್ವಾತಂತ್ರ್ಯದ ನಂತರವೂ ಬೆಳ್ಳಿ ನಾಣ್ಯ ಬಂದಿವೆ. 1969ರ ಗಾಂಧಿ ಶತಮಾನೋತ್ಸವದ 10 ರೂಪಾಯಿ ನಾಣ್ಯ 15 ಗ್ರಾಂ ಇದೆ, ನೂರಕ್ಕೆ 80 ಭಾಗ ಬೆಳ್ಳಿ. ಅದೇ ವರ್ಷದ ಗಾಂಧಿಯ ಒಂದು ರೂಪಾಯಿ ಮಾತ್ರ ನಿಕ್ಕಲ್.

ತೂಕಕ್ಕೆ ಹಾಕಬಾರದ ನಾಣ್ಯಗಳು

ಕೆಲವು ಇಸವಿಗೆ ಬೆಳ್ಳಿಯ ಬೆಲೆಗಿಂತ ಎಷ್ಟೋ ಪಟ್ಟು ಜಾಸ್ತಿ ಸಿಗುತ್ತದೆ. 1939ರ ರೂಪಾಯಿ ಅಪರೂಪ, ಅದೇ ಕಾರಣಕ್ಕೆ ಅದರ ನಕಲಿಯೂ ಜಾಸ್ತಿ. 1911ರ ಐದನೇ ಜಾರ್ಜ್ ರೂಪಾಯಿಯದ್ದು ತಮಾಷೆಯ ಕಥೆ. ರಾಜನ ನಿಲುವಂಗಿ ಮೇಲೆ ಸಣ್ಣದೊಂದು ಆನೆ ಕೆತ್ತಿದ್ದರು, ಸೊಂಡಿಲು ಮೋಟಾಗಿ ಜನರಿಗೆ ಅದು ಹಂದಿಯ ಹಾಗೆ ಕಂಡಿತು. ಗಲಾಟೆ ಎದ್ದಿತು, ನಾಣ್ಯ ಹಿಂದಕ್ಕೆ ತೆಗೆದುಕೊಂಡರು, 1912ರಿಂದ ಆನೆಯನ್ನು ತಿದ್ದಿದರು. ಹಂದಿ ರೂಪಾಯಿ ಎಂದೇ ಸಂಗ್ರಹಕಾರರು ಅದನ್ನು ಹುಡುಕುತ್ತಾರೆ. ರಾಜ ರಾಣಿಯರ ಮುಖವಿಲ್ಲದೆ ಬರೀ ಪಾರಸಿ (ಪರ್ಷಿಯನ್) ಅಕ್ಷರವಿರುವ ನಾಣ್ಯ ಸಿಕ್ಕರಂತೂ ತಿಳಿದವರಿಗೆ ತೋರಿಸದೆ ಅಲುಗಬೇಡಿ. 1912ರಿಂದ 1920ರವರೆಗಿನ ಸಾಮಾನ್ಯ ರೂಪಾಯಿಗಳು ಮಾತ್ರ ಎಲ್ಲರ ಮನೆಯಲ್ಲೂ ಇವೆ, ಅವುಗಳ ಮೇಲೆ ಬಂಗಲೆ ಕಟ್ಟುವ ಕನಸು ಬೇಡ.

ಫೇಸ್‌ಬುಕ್ಕಿನಲ್ಲಿ "ಹಳೇ ನಾಣ್ಯಕ್ಕೆ ಲಕ್ಷ ರೂಪಾಯಿ" ಎಂದು ಬರುತ್ತದಲ್ವಾ, ಅದರ ಹತ್ತಿರವೂ ಹೋಗಬೇಡಿ. ಮೊದಲು ರಿಜಿಸ್ಟ್ರೇಷನ್ ಫೀಸು ಕೇಳುತ್ತಾರೆ, ಆಮೇಲೆ ತೆರಿಗೆ, ಆಮೇಲೆ ಕಮಿಷನ್. ಇದೆಲ್ಲ ರಿಸರ್ವ್ ಬ್ಯಾಂಕಿನ ಹೆಸರಿನಲ್ಲೇ ನಡೆಯುತ್ತದೆ. ತಾನು ಇಂಥ ವ್ಯವಹಾರ ಮಾಡುವುದೇ ಇಲ್ಲ ಎಂದು ರಿಸರ್ವ್ ಬ್ಯಾಂಕ್ 2021ರಲ್ಲೇ ಹೇಳಿದೆ. ಕೊಳ್ಳುವವರು ದುಡ್ಡು ಕೊಡಬೇಕು, ಮಾರುವವರಿಂದ ಮೊದಲೇ ಕೇಳುವುದು ಎಂಥ ವ್ಯಾಪಾರ?

ಒಡವೆಯ ಸರದಿ

ಒಡವೆಯಲ್ಲಿ ಇಸವಿ ಇರುವುದಿಲ್ಲ, ಮುದ್ರೆ ನೋಡಬೇಕು. ಚಿನ್ನಕ್ಕೆ 916 ಎಂದಿದ್ದರೆ 22 ಕ್ಯಾರೆಟ್, 750 ಎಂದಿದ್ದರೆ 18. 2021ರ ನಂತರ ಕೊಂಡದ್ದಾದರೆ ಪ್ರತಿ ಒಡವೆಗೂ ಬೇರೆ ಬೇರೆಯಾದ, ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಬಹುದು, ಇದ್ದರೆ ಅದನ್ನು ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಶುದ್ಧತೆ ಗೊತ್ತಾಗುತ್ತದೆ. ಅಜ್ಜಿ ಕಾಲದಲ್ಲಿ ಆಚಾರ್ರು ಮನೆಯಲ್ಲೇ ಕೂತು ಮಾಡಿಕೊಟ್ಟ ಒಡವೆಗೆ ಎಂತ ಮುದ್ರೆ? ಮುದ್ರೆ ಇಲ್ಲದ್ದನ್ನೂ ಮಾರಬಹುದು, ಅಂಗಡಿಯವರು ಕೊಳ್ಳಬಹುದು. ಆದರೆ ಮೊದಲು ಬಿಐಎಸ್ ಮಾನ್ಯತೆ ಇರುವ ಹಾಲ್‌ಮಾರ್ಕಿಂಗ್ ಕೇಂದ್ರದಲ್ಲಿ ಪರೀಕ್ಷೆ ಮಾಡಿಸಿ. ನಾಲ್ಕು ಒಡವೆವರೆಗೆ ಒಟ್ಟು 200 ರೂಪಾಯಿ, ಐದು ಅಥವಾ ಹೆಚ್ಚಿದ್ದರೆ ಒಂದಕ್ಕೆ 45 ರೂಪಾಯಿ ಎಂದು ಬಿಐಎಸ್ ದರ ನಿಗದಿ ಮಾಡಿತ್ತು. ಆ ವರದಿ ಕೈಯಲ್ಲಿದ್ದರೆ ಅಂಗಡಿಯಲ್ಲಿ ಮಾತಿನ ಧಾಟಿಯೇ ಬದಲಾಗುತ್ತದೆ.

ಮನೆಯಲ್ಲೇ ತೂಗಿ ಬರೆದಿಟ್ಟುಕೊಳ್ಳಿ. ನಮ್ಮ ಕಡೆ ಎಲ್ಲರೂ ಪವನಿನ ಲೆಕ್ಕ ಹೇಳುತ್ತಾರೆ, ಒಂದು ಪವನು 8 ಗ್ರಾಂ, ಆದರೆ ಮಾರುವಾಗ ಗ್ರಾಂ, ಮಿಲಿಗ್ರಾಂನಲ್ಲೇ ಮಾತಾಡಿ. ಕರಿಮಣಿ ಸರವಾದರೆ ಮಣಿ ಬಿಡಿಸಿ ಚಿನ್ನ ಮಾತ್ರ ತೂಗುತ್ತಾರೆ. ಕಲ್ಲಿನ ತೂಕವನ್ನೂ ಕಳೆಯುತ್ತಾರೆ. ಹಳೇ ಟೊಳ್ಳು ಒಡವೆಯ ಒಳಗೆ ಅರಗು ತುಂಬಿರುತ್ತದೆ, ಅದು ಕರಗಿಸಿದಾಗಲೇ ಹೊರಗೆ ಬರುವುದು, ಆಗ ತೂಕ ಇಳಿದದ್ದು ನೋಡಿ ಎದೆ ಒಡೆದುಕೊಳ್ಳಬೇಡಿ. ಮಾಡುವಾಗ ಕೊಟ್ಟ ಮಜೂರಿ ವಾಪಸ್ ಬರುವುದಿಲ್ಲ.

ಬೆಳ್ಳಿ ಗೆಜ್ಜೆ, ನೇವಳಕ್ಕೆ ಬೆಸುಗೆ ಜಾಸ್ತಿ, ಹಾಗಾಗಿ ತೂಕದಷ್ಟು ಬೆಳ್ಳಿ ಅದರಲ್ಲಿ ಇರುವುದಿಲ್ಲ. ಮದುವೆಯಲ್ಲಿ ಉಡುಗೊರೆಯಾಗಿ ಬಂದ ತಟ್ಟೆ, ಕುಂಕುಮದ ಬಟ್ಟಲುಗಳಲ್ಲಿ ಎಷ್ಟೋ ಜರ್ಮನ್ ಸಿಲ್ವರ್. ಹೆಸರಿನಲ್ಲಿ ಮಾತ್ರ ಸಿಲ್ವರ್, ಒಳಗೆ ತಾಮ್ರ, ಸತು, ನಿಕ್ಕಲ್. ನಾನು ನಾಲ್ಕು ಬಟ್ಟಲು ಹೊತ್ತುಕೊಂಡು ಹೋಗಿ ಹಾಗೇ ಹೊತ್ತುಕೊಂಡು ಬಂದೆ.

ಅಂಗಡಿಯ ಒಳಗೆ

ಮಂಗಳೂರಿನ ರಥಬೀದಿ, ಹಂಪನಕಟ್ಟೆ ಕಡೆಯೋ ಉಡುಪಿಯ ರಥಬೀದಿ ಸುತ್ತವೋ, ಎಲ್ಲಿಗಾದರೂ ಹೋಗಿ, ಕನಿಷ್ಠ ಮೂರು ಕಡೆ ಕೇಳಿ. ಅವತ್ತಿನ ದರ ಬೆಳಗ್ಗೆಯೇ ನೋಡಿಕೊಂಡು ಹೊರಡಿ. ಹಬ್ಬದ ಹಿಂದಿನ ದಿನ, ಶನಿವಾರ ಸಂಜೆ ಬೇಡ, ಅಂಗಡಿಯವರಿಗೂ ಪುರುಸೊತ್ತು ಇರುವುದಿಲ್ಲ, ಅವಸರದಲ್ಲಿ ಹೇಳಿದ ದರವೇ ದರ.

ತಕ್ಕಡಿ ಸೊನ್ನೆ ತೋರಿಸುತ್ತಿದೆಯಾ ನೋಡಿ, ಆಮೇಲೆ ಒಡವೆ ಇಡಲು ಬಿಡಿ. ಈಗ ಹೆಚ್ಚಿನ ಕಡೆ ಮಶಿನ್ನಿನಲ್ಲಿ ಶುದ್ಧತೆ ನೋಡುತ್ತಾರೆ, ಆ ಮಶಿನ್ ಮೇಲ್ಮೈಯನ್ನು ಮಾತ್ರ ಓದುತ್ತದೆ. ಕರಗಿಸಿಯೇ ನೋಡಬೇಕು ಎಂದರೆ ನಿಮ್ಮೆದುರೇ ಆಗಬೇಕು, ಗ್ರಾಂಗೆ ಎಷ್ಟು, ಕಡಿತ ಎಷ್ಟು ಎಂದು ಮೊದಲೇ ಮಾತಾಗಿರಬೇಕು. ಕರಗಿದ ಮೇಲೆ ಬೇಡ ಎಂದರೆ ಚಿನ್ನದ ಗಟ್ಟಿ ಹಿಡಿದುಕೊಂಡು ಬಸ್ಸಿನಲ್ಲಿ ಬರಬೇಕಾಗುತ್ತದೆ! "ಹೊಸತು ತೆಗೊಂಡ್ರೆ ಕಡಿತ ಇಲ್ಲ" ಎಂಬ ಮಾತು ಕೇಳಿಯೇ ಕೇಳುತ್ತೀರಿ. ಹೊಸ ಒಡವೆ ಬೇಕಿದ್ದರೆ ಸರಿ, ಇಲ್ಲದಿದ್ದರೆ ಹೊಸದರ ಮಜೂರಿ, ಜಿಎಸ್‌ಟಿಯಲ್ಲಿ ಆ ಲಾಭ ಹೋಗುತ್ತದೆ. ಹಂಚು ಹೊದಿಸಲು ಹೋದವಳು ಉಂಗುರ ಹಾಕಿಕೊಂಡು ಬಂದ ಹಾಗೆ ಆದೀತು.

ದುಡ್ಡು, ಚೀಟಿ, ತೆರಿಗೆ

ಆಧಾರ್, ಪ್ಯಾನ್ ಜೊತೆಗಿರಲಿ. ಅಂಗಡಿಯವರು 10,000 ರೂಪಾಯಿಗಿಂತ ಜಾಸ್ತಿ ನಗದು ಕೊಡಲು ಹಿಂಜರಿದರೆ ಅನುಮಾನ ಪಡಬೇಡಿ, ಅದಕ್ಕೆ ಮೇಲ್ಪಟ್ಟ ನಗದು ಖರ್ಚನ್ನು ಅವರ ಆದಾಯ ತೆರಿಗೆ ಲೆಕ್ಕದಲ್ಲಿ ಒಪ್ಪುವುದಿಲ್ಲ. ಬ್ಯಾಂಕ್ ಖಾತೆಗೇ ಹಾಕಿಸಿಕೊಳ್ಳಿ, ತೂಕ, ಶುದ್ಧತೆ, ದರ ಬರೆದ ಚೀಟಿ ಕೇಳಿ ಪಡೆಯಿರಿ. ಮನೆಯ ಒಡವೆ ಮಾರುವವರು ಜಿಎಸ್‌ಟಿ ಕಟ್ಟಬೇಕಿಲ್ಲ. ಲಾಭಕ್ಕೆ ಆದಾಯ ತೆರಿಗೆ ಇದೆ. 2024ರ ಜುಲೈ 23ರ ನಂತರದ ನಿಯಮದ ಪ್ರಕಾರ ಎರಡು ವರ್ಷಕ್ಕಿಂತ ಹಳೆಯದಾದರೆ ಲಾಭದ ಮೇಲೆ ನೂರಕ್ಕೆ 12.5. ಅಜ್ಜಿಯಿಂದ ಬಂದದ್ದಕ್ಕೆ ಅಜ್ಜಿ ಇಟ್ಟುಕೊಂಡ ವರ್ಷಗಳೂ ಲೆಕ್ಕಕ್ಕೆ ಬರುತ್ತವೆ, 2001ರ ಏಪ್ರಿಲ್ 1ಕ್ಕಿಂತ ಹಿಂದಿನದಾದರೆ ಆ ದಿನದ ಬೆಲೆಯನ್ನೇ ಕೊಂಡ ಬೆಲೆ ಎಂದು ಹಿಡಿಯಬಹುದು. ಮೊತ್ತ ದೊಡ್ಡದಿದ್ದರೆ ಲೆಕ್ಕ ಪರಿಶೋಧಕರನ್ನು ಕೇಳಿ.

ದುಡ್ಡು ಎರಡು ಮೂರು ತಿಂಗಳಿಗೆ ಮಾತ್ರ ಬೇಕಾ? ಹಾಗಾದರೆ ಚಿನ್ನ ಮಾರುವ ಮೊದಲು ಸೊಸೈಟಿಯಲ್ಲೋ ಬ್ಯಾಂಕಿನಲ್ಲೋ ಅಡವು ಸಾಲದ ಬಡ್ಡಿ ಎಷ್ಟಾಗುತ್ತದೆ ಎಂದು ಒಮ್ಮೆ ಕೇಳಿ ನೋಡಿ.

ನಾನು ಕೊನೆಗೆ 14 ಬೆಳ್ಳಿ ರೂಪಾಯಿ, ನೇವಳ, ತುಂಡು ಚೈನು ಮಾರಿದೆ. ದೀಪಾವಳಿಯ ಲಕ್ಷ್ಮೀ ಪೂಜೆಗೆಂದು ಅಮ್ಮ ಮೂರು ರೂಪಾಯಿ ಎತ್ತಿಟ್ಟರು, ಅವರು ಎತ್ತಿಟ್ಟದ್ದು ತಿಕ್ಕಿದ ಆ ಎರಡೂ ಸೇರಿದಂತೆಯೇ. ಹಂಚು ಬದಲಾಯಿತು. ಒಂಟಿ ಬೆಂಡೋಲೆ ಪೆಟ್ಟಿಗೆಯಲ್ಲೇ ಇದೆ, ಅದರ ಜೋಡಿ ತನ್ನ ಹತ್ತಿರ ಇದೆ ಎಂದು ಚಿಕ್ಕಮ್ಮ ಮೊನ್ನೆ ಫೋನಿನಲ್ಲಿ ಹೇಳಿದರು.