ಪಂಪ್ ಬಿಚ್ಚಿದ ಮೇಲೆ ಬರೆದ ಕಾಗದ

ಗೋಣಿಕೊಪ್ಪದ ಒಂದು ಕೃಷಿ ಯಂತ್ರದ ಅಂಗಡಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ಇಂಪೋರ್ಟ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಒಂದು ವರ್ಷ ಮಾಲೀಕರು ಚೀನಾದಿಂದ ನಾವೇ ನೇರವಾಗಿ ಪಂಪ್ ತರಿಸೋಣ ಅಂದರು. ಕಾಗದದ ಕೆಲಸ ಪೂರ್ತಿ ನನ್ನ ತಲೆಗೆ ಬಂತು.

ಮೊದಲ ಸಲ ನಾನು ಮಾಡಿದ್ದು ಇಷ್ಟೇ. ಸಪ್ಲೈಯರ್ ಕಳಿಸಿದ ಇನ್‌ವಾಯ್ಸನ್ನು ಓದದೆ ಮಂಗಳೂರಿನ ಕಸ್ಟಮ್ಸ್ ಬ್ರೋಕರ್‌ಗೆ ದಾಟಿಸಿದೆ. ಅದರಲ್ಲಿ ಇದ್ದದ್ದು ಒಂದೇ ಸಾಲು: ಕೃಷಿ ಪಂಪ್ ಮತ್ತು ಬಿಡಿಭಾಗಗಳು. ಎಲ್ಲಕ್ಕೂ ಒಂದೇ ಎಚ್‌ಎಸ್ ಕೋಡ್, ಅಂದರೆ ಸುಂಕಪಟ್ಟಿಯಲ್ಲಿ ಆಯಾ ಬಗೆಯ ಸಾಮಾನಿಗೆ ಇರುವ ಸಂಖ್ಯೆ. ಕಂಟೇನರ್ ಪಣಂಬೂರು ಬಂದರಿಗೆ ಬಂದ ಮೂರನೇ ದಿನ ಕಸ್ಟಮ್ಸ್‌ನಿಂದ ಕ್ವೆರಿ, ಅಂದರೆ ವಿವರ ಕೇಳುವ ಪ್ರಶ್ನೆ, ಬಂತು. ಪಂಪ್ ಹೇಗೆ ಕೆಲಸ ಮಾಡುತ್ತದೆ, ಬಿಡಿಭಾಗ ಅಂದರೆ ಯಾವುವು, ಕ್ಯಾಟಲಾಗ್ ಕೊಡಿ. ನಾನು ಬಹಳ ಉತ್ಸಾಹದಿಂದ ಉತ್ತರ ಬರೆದೆ: ಕಾಫಿ ತೋಟಕ್ಕೆ ನೀರು ಬಿಡಲು, ಕರಿಮೆಣಸಿಗೆ ಬೋರ್ಡೋ (ಮೈಲುತುತ್ತ, ಸುಣ್ಣ ಸೇರಿಸಿದ ರೋಗದ ಔಷಧಿ) ಹೊಡೆಯಲು ಬಳಸುವ ಪಂಪ್‌ಗಳು. ಮತ್ತೆ ಕ್ವೆರಿ ಬಂತು. ಅದೇ ಪ್ರಶ್ನೆ.

ಆಗ ಜನವರಿ ಕೊನೆ. ಕಾಫಿ ಹೂ ಬಿಡಲು ಬೇಕಾದ ಹೂಮಳೆ ಬರುತ್ತೋ ಇಲ್ಲವೋ ಅಂತ ಕಾಯದೆ ರೋಬಸ್ಟಾ ಕಾಫಿ ತೋಟದವರು ಸ್ಪ್ರಿಂಕ್ಲರ್ ಹಾಕುವ ಹೊತ್ತು. ದಿನಕ್ಕೆ ನಾಲ್ಕು ಜನ ಫೋನ್ ಮಾಡಿ "ಪಂಪ್ ಬಂತಾ?" ಅಂತ ಕೇಳುತ್ತಿದ್ದರು. ಅಲ್ಲಿ ಬಂದರಿನಲ್ಲಿ ಬಾಡಿಗೆ ಏರುತ್ತಿತ್ತು. ಪ್ರಶ್ನೆ ಕೇಳಿದ ಅಧಿಕಾರಿ ಮಂಗಳೂರಿನಲ್ಲೇ ಇರಬೇಕಾಗಿಲ್ಲ ಅನ್ನೋದು ಗೊತ್ತಾಗಿದ್ದು ಆಗಲೇ. 2020ರಿಂದ ಫೇಸ್‌ಲೆಸ್ ಅಸೆಸ್‌ಮೆಂಟ್ ಅಂತ ಬಂದಿದೆ, ಬೇರೆ ಊರಿನ ಅಧಿಕಾರಿ ಕಾಗದ ನೋಡಿಯೇ ಸುಂಕ ಪರಿಶೀಲಿಸುವ ಪದ್ಧತಿ. ಜೂನ್‌ನಲ್ಲಿ ಬೆಂಗಳೂರು ಮತ್ತು ಚೆನ್ನೈಯಲ್ಲಿ ಶುರುವಾದಾಗ ಮೊದಲು ಹಿಡಿದದ್ದೇ ಸುಂಕಪಟ್ಟಿಯ 84 ಮತ್ತು 85ನೇ ಅಧ್ಯಾಯದ ಸಾಮಾನು. ನಮ್ಮ ಪಂಪ್ ಇರುವುದು 84ರಲ್ಲೇ. ಯಾವುದೋ ಊರಲ್ಲಿ ಕೂತವರು ನನ್ನ ಪೆಟ್ಟಿಗೆ ನೋಡಿಲ್ಲ, ನೋಡುವುದೂ ಇಲ್ಲ. ಅವರ ಮುಂದೆ ಇರುವುದು ನಾನು ಬರೆದ ಸಾಲು ಮಾತ್ರ.

ಬ್ರೋಕರ್ ಫೋನಿನಲ್ಲಿ ಸುಂಕಪಟ್ಟಿ ಓದಿ ಹೇಳಿದರು. ದ್ರವ ಎತ್ತುವ ಪಂಪ್‌ಗಳೆಲ್ಲ 8413. ಅದರೊಳಗೆ ಮತ್ತೆ ಪಾಲು. ಪೆಟ್ರೋಲ್ ಬಂಕಿನ ಪಂಪ್, ಕೈಪಂಪ್, ಕಾಂಕ್ರೀಟ್ ಪಂಪ್ ಇವಕ್ಕೆ ಬೇರೆ ಬೇರೆ ಸಾಲು ಇದೆ, ಸರಿ. ಉಳಿದವನ್ನು ಭಾಗ ಮಾಡಿರುವುದು ಒಳಗೆ ಏನು ಓಡುತ್ತದೆ ಅನ್ನೋದರ ಮೇಲೆ. ಹಿಂದೆ ಮುಂದೆ ಹೋಗಿ ತಳ್ಳುವುದು 8413 50. ತಿರುಗುತ್ತಾ ತಳ್ಳುವುದು 8413 60. ರೆಕ್ಕೆ ತಿರುಗಿ ಎಸೆಯುವ ಸೆಂಟ್ರಿಫ್ಯೂಗಲ್ 8413 70. ನನ್ನ ಕಾಫಿ, ಮೆಣಸು ಯಾವುದಕ್ಕೂ ಬೇಕಾಗಿರಲಿಲ್ಲ!

ನನಗೆ ಪಂಪ್ ಒಳಗೆ ಏನಿದೆ ಅಂತ ಗೊತ್ತಿರಲಿಲ್ಲ, ಮಾರಿದ್ದು ಮಾತ್ರ ಗೊತ್ತು. ರಿಪೇರಿಗೆ ಬಂದಿದ್ದ ಒಂದು ಎಚ್‌ಟಿಪಿ ಪಂಪನ್ನು (ಔಷಧಿ ಹೊಡೆಯಲು ಬಳಸುವ ಹೆಚ್ಚು ಒತ್ತಡದ ಪಂಪ್) ನಮ್ಮ ಮೆಕ್ಯಾನಿಕ್ ಮೇಜಿನ ಮೇಲೆ ಇಟ್ಟು ಬಿಚ್ಚಿದ. "ನೋಡಿ ಸಾರ್, ಇಷ್ಟೇ" ಅಂದ. ಒಳಗೆ ಮೂರು ಪ್ಲಂಜರ್, ಅಂದರೆ ನೀರು ತಳ್ಳುವ ದಂಡಗಳು, ಸಾಲಾಗಿ ಇದ್ದವು. ಪುಲ್ಲಿಯನ್ನು ಕೈಯಲ್ಲಿ ನಿಧಾನ ತಿರುಗಿಸಿದರೆ ಒಂದು ಒಳಗೆ ಹೋಗುತ್ತದೆ, ಇನ್ನೊಂದು ಹೊರಗೆ ಬರುತ್ತದೆ, ಮೂರನೆಯದು ಮಧ್ಯದಲ್ಲಿ. ಇಷ್ಟು ವರ್ಷ ಮೂರು ಪ್ಲಂಜರ್ ಅಂತ ಬಿಲ್ ಬರೆಯುತ್ತಿದ್ದೆ, ಅದೇನು ಅಂತ ಅವತ್ತೇ ನೋಡಿದ್ದು. ಆಮೇಲೆ ನೀರೆತ್ತುವ ಮೂರಿಂಚಿನ ಪಂಪಿನ ಮುಂದಿನ ಕೇಸಿಂಗ್ ತೆಗೆದ. ಇಲ್ಲಿ ತಳ್ಳುವುದು ಏನೂ ಇಲ್ಲ, ಬರೀ ಇಂಪೆಲ್ಲರ್ ಅನ್ನೋ ರೆಕ್ಕೆಯ ಚಕ್ರ, ತಿರುಗಿದರೆ ನೀರು ಅಂಚಿಗೆ ಚಿಮ್ಮುತ್ತದೆ. ಎರಡನ್ನೂ ಮೊಬೈಲಿನಲ್ಲಿ ಫೋಟೋ ತೆಗೆದು, ಕೆಳಗೆ ಎರಡೆರಡು ವಾಕ್ಯ ಬರೆದು ಕಳಿಸಿದೆ. ಪಂಪ್‌ಗಳ ಬಗ್ಗೆ ಮತ್ತೆ ಪ್ರಶ್ನೆ ಬರಲಿಲ್ಲ.

ತಲೆ ಕೆಟ್ಟಿದ್ದು ಬೋರ್ಡೋ ಸೆಟ್‌ನಲ್ಲಿ. ನಮ್ಮಲ್ಲಿ ಕೆಲವು ಪೆಟ್ಟಿಗೆಯಲ್ಲಿ ಬರೀ ಎಚ್‌ಟಿಪಿ ಪಂಪ್ ಇತ್ತು, ಕೆಲವದರಲ್ಲಿ ಪಂಪ್, ಎಂಜಿನ್, ಹೋಸ್, ಗನ್ ಎಲ್ಲ ಸೇರಿ ಸ್ಪ್ರೇಯರ್ ಆಗಿ ಇತ್ತು. ಬರೀ ಪಂಪ್ ಆದರೆ 8413. ಪೂರ್ತಿ ಸೆಟ್ ಮಾಡುವುದು ಔಷಧಿ ಸಿಂಪಡಿಸುವ ಕೆಲಸ, ಅದಕ್ಕೆ 8424 ಅಂತ ಬೇರೆಯೇ ಶೀರ್ಷಿಕೆ ಇದೆ. ಎರಡಕ್ಕೂ ನಮ್ಮ ಊರಲ್ಲಿ 'ಬೋರ್ಡೋ ಪಂಪ್' ಅಂತಲೇ ಹೆಸರು, ತೊಂದರೆ ಅಲ್ಲೇ ಶುರುವಾಗಿದ್ದು. ಈಗ ನಾನು ಪ್ಯಾಕಿಂಗ್ ಲಿಸ್ಟಿನಲ್ಲೇ ಎರಡನ್ನೂ ಬೇರೆ ಸಾಲು ಮಾಡಿಸುತ್ತೇನೆ. ನೀರಿನ ಪಂಪು ಎಂಜಿನ್ ಜೊತೆ ಒಂದೇ ಫ್ರೇಮಿನಲ್ಲಿ ಕೂತಿದ್ದರೆ ಅದು ಪಂಪೇ. ಆದರೆ ಸ್ಪೇರ್ ಅಂತ ಎಂಜಿನ್ ಬಿಡಿಯಾಗಿ ತಂದರೆ ಪೆಟ್ರೋಲಿನದು 8407, ಡೀಸೆಲಿನದು 8408, ಕರೆಂಟ್ ಮೋಟರ್ 8501.

ಬಿಡಿಭಾಗದ ಪೆಟ್ಟಿಗೆ ಇನ್ನೊಂದು ಕಥೆ. ಪಂಪಿಗೆ ಹಾಕುತ್ತಾರೆ ಅಂದಮಾತ್ರಕ್ಕೆ ಎಲ್ಲ ಪಂಪಿನ ಭಾಗ ಆಗುವುದಿಲ್ಲ. ಇಂಪೆಲ್ಲರ್ 8413 91, ಹೌದು. ಮೆಕ್ಯಾನಿಕಲ್ ಸೀಲ್ 8484, ಬೇರಿಂಗ್ 8482, ರಬ್ಬರ್ ಓ ರಿಂಗ್ 4016. ಒಂದು ಡಬ್ಬದಲ್ಲಿ ಇಷ್ಟು ನಮೂನೆ ಇದ್ದುದನ್ನು ನಾನು 'ಬಿಡಿಭಾಗಗಳು' ಅಂತ ಒಂದು ಪದದಲ್ಲಿ ಮುಗಿಸಿದ್ದೆ.

ಈಗ ಮಾಡೆಲ್‌ಗೆ ಒಂದು ಹಾಳೆ ಮಾಡುತ್ತೇನೆ. ಮೇಲೆ ನೇಮ್‌ಪ್ಲೇಟಿನಲ್ಲಿರುವ ಮಾಡೆಲ್ ನಂಬರ್, ಅಕ್ಷರ ಒಂದೂ ಬಿಡದೆ. ಇನ್‌ವಾಯ್ಸ್, ಕ್ಯಾಟಲಾಗ್, ಪ್ಲೇಟ್ ಮೂರರಲ್ಲೂ ಒಂದೇ ಇರಬೇಕು, ಕೊನೆಯ ಒಂದು ಅಕ್ಷರ ತಪ್ಪಿದರೂ ಬೇರೆ ಸಾಮಾನು ಅನಿಸುತ್ತದೆ. ಆಮೇಲೆ ಒಳಗೆ ಏನು ಓಡುತ್ತದೆ ಅಂತ ಒಂದು ವಾಕ್ಯ, ಯಾವ ದ್ರವ, ನಿಮಿಷಕ್ಕೆ ಎಷ್ಟು ಲೀಟರ್, ಹೆಡ್ (ಎಷ್ಟು ಎತ್ತರಕ್ಕೆ ಎತ್ತುತ್ತದೆ) ಅಥವಾ ಪ್ರೆಷರ್, ಒಳ ಹೊರ ಬಾಯಿ ಎಷ್ಟು ಇಂಚು, ಎಂಜಿನ್ನೋ ಮೋಟರ್ರೋ, ಪೆಟ್ಟಿಗೆಯಲ್ಲಿ ಜೊತೆಗೆ ಏನೇನು. ಪ್ಲೇಟಿನ ಫೋಟೋ, ಬಿಚ್ಚಿಟ್ಟ ಭಾಗಗಳ ಚಿತ್ರ. ಬಳಕೆ ಎಲ್ಲಿ ಅನ್ನೋದು ಕೊನೆಯ ಸಾಲು. 'ಸೆಲ್ಫ್ ಪ್ರೈಮಿಂಗ್' (ಪೈಪಿನ ಗಾಳಿ ತಾನೇ ತೆಗೆದು ನೀರು ಎಳೆದುಕೊಳ್ಳುವುದು) ಅಂತ ಮಾತ್ರ ಬರೆದರೆ ಸಾಕಾಗಲ್ಲ. ನಮ್ಮ ಮೂರಿಂಚಿನದೂ ಸೆಲ್ಫ್ ಪ್ರೈಮಿಂಗೇ, ಆದರೆ ಅದು ಸೆಂಟ್ರಿಫ್ಯೂಗಲ್.

ಸಪ್ಲೈಯರ್ ಕೊಟ್ಟ ಕೋಡನ್ನು ಈಗ ಸುಮ್ನೆ ನಕಲು ಮಾಡುವುದಿಲ್ಲ. ಮೊದಲ 6 ಅಂಕಿ ಎಲ್ಲ ದೇಶಕ್ಕೂ ಒಂದೇ, ನಮ್ಮದು 8 ಅಂಕಿ. ಅವರು ಎಲ್ಲವನ್ನೂ 'ಇತರೆ ಪಂಪ್' ಸಾಲಿಗೆ ತಳ್ಳಿದ್ದರು. ತಪ್ಪಾದರೆ ಕೇಳುವುದು ಅವರನ್ನಲ್ಲ. 2011ರಿಂದ ಸುಂಕ ಲೆಕ್ಕ ಹಾಕಿ ಹೇಳುವ ಜವಾಬ್ದಾರಿ ತರಿಸುವವರದೇ. ನಿಜವಾಗಿಯೂ ಗೊಂದಲದ ಸಾಮಾನು ಆದರೆ ತರಿಸುವ ಮೊದಲೇ ಅಡ್ವಾನ್ಸ್ ರೂಲಿಂಗ್, ಅಂದರೆ ಯಾವ ಕೋಡ್ ಅನ್ನೋ ತೀರ್ಮಾನ, ಕೇಳಬಹುದು, ಮುಂಬೈ ಮತ್ತು ದೆಹಲಿಯಲ್ಲಿ ಅದಕ್ಕೆ ಪ್ರಾಧಿಕಾರ ಇದೆ. ನಮ್ಮಂಥ ಸಣ್ಣ ಅಂಗಡಿಗೆ ಅಷ್ಟು ಬೇಕಾಗಿ ಬಂದಿಲ್ಲ.

ಮೊನ್ನೆ ಸಪ್ಲೈಯರ್ ಹೊಸ ಡಯಾಫ್ರಮ್ ಪಂಪಿನ ರೇಟ್ ಕಳಿಸಿದ. ರೇಟ್ ಆಮೇಲೆ, ಮೊದಲು ಒಳಗಿನ ಚಿತ್ರ ಕಳಿಸು ಅಂತ ಬರೆದೆ. ಮಾಲೀಕರಿಗೆ ಸ್ವಲ್ಪ ಸಿಟ್ಟು ಬಂದಿದೆ, ಬೋರ್ಡೋ ಸೀಸನ್‌ಗೆ ಲೇಟ್ ಆಗುತ್ತೆ ಅಂತ.