ವಾಲ್ವ್ ಗಿಟಾರ್ ಆಂಪ್: ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ನಿಜವಾಗಿಯೂ ಸುಟ್ಟಿದೆಯಾ?

ಆಂಪಿನ ಸದ್ದು ಕುಗ್ಗಿತು, ಫ್ಯೂಸ್ ಹಾರಿತು ಎಂದರೆ ಸಾಕು, ‘ಔಟ್‌ಪುಟ್ ಸುಟ್ಟೈತಿ ಬಿಡ್ರಿ’ ಅನ್ನುವವರೇ ಜಾಸ್ತಿ. ಔಟ್‌ಪುಟ್ ಎಂದರೆ ಪವರ್ ವಾಲ್ವುಗಳ ಸಿಗ್ನಲನ್ನು ಸ್ಪೀಕರಿಗೆ ಹೊಂದಿಸಿ ಕೊಡುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್. ಬಳ್ಳಾರಿ, ಸಿಂಧನೂರು, ಗಂಗಾವತಿಯಲ್ಲಿ ವಾಲ್ವ್ ಆಂಪ್ ಇಟ್ಟುಕೊಂಡವರು ಕಮ್ಮಿ. ಹೊಸ ಟ್ರಾನ್ಸ್‌ಫಾರ್ಮರ್ ಬೇಕೆಂದರೆ ದೂರದಿಂದ ತರಿಸಬೇಕು, ದುಡ್ಡೂ ಸಣ್ಣದಲ್ಲ. ಮಲ್ಟಿಮೀಟರಿನ ಓಮ್ ರೀಡಿಂಗ್ ಒಂದನ್ನೇ ನಂಬಿ ತೀರ್ಮಾನಕ್ಕೆ ಬರಬೇಡಿ. ವೈಂಡಿಂಗ್ (ಒಳಗೆ ಸುತ್ತಿದ ತಂತಿ) ಕಡಿದಿದ್ದರೆ ಮೀಟರು ಹೇಳುತ್ತದೆ. ಒಳಗೆ ನಾಲ್ಕು ಸುತ್ತು ಒಂದಕ್ಕೊಂದು ಶಾರ್ಟ್ ಆಗಿದ್ದರೆ ಹೇಳುವುದಿಲ್ಲ.

ಕೈ ಹಾಕುವ ಮುಂಚೆ ಒಂದು ಮಾತು. ಒಳಗಿರುವುದು 400ರಿಂದ 500 ವೋಲ್ಟ್ ಡಿಸಿ. ಪ್ಲಗ್ ಕಿತ್ತ ಮೇಲೂ ಅದು ಫಿಲ್ಟರ್ ಕೆಪಾಸಿಟರಿನಲ್ಲಿ ಕೂತಿರುತ್ತದೆ. 10 ಕಿಲೋ ಓಮ್, 10 ವ್ಯಾಟ್ ರೆಸಿಸ್ಟರಿಗೆ ರಬ್ಬರ್ ಹೊದಿಕೆಯ ಕ್ಲಿಪ್ ಹಾಕಿ ಪಾಸಿಟಿವ್‌ನಿಂದ ಚಾಸಿಗೆ (ಆಂಪಿನ ಲೋಹದ ತಳಕ್ಕೆ) ಹಿಡಿಯಿರಿ. ಮೀಟರಿನಲ್ಲಿ 10 ವೋಲ್ಟಿಗಿಂತ ಕೆಳಗಿಳಿದದ್ದನ್ನು ನೋಡಿಯೇ ಮುಂದುವರಿಯಿರಿ.

ಮೊದಲು ಸುತ್ತಮುತ್ತ ನೋಡಿ. ಸಂಡೂರು ಕಡೆಯ ಕೆಂಪು ಅದಿರಿನ ಧೂಳು ಸ್ಪೀಕರ್ ಜ್ಯಾಕಿಗೂ ಸ್ಪೀಕರಿನ ಓಮ್ ಆರಿಸುವ ಇಂಪೀಡೆನ್ಸ್ ಸೆಲೆಕ್ಟರಿಗೂ ನುಗ್ಗಿ ಕಾಂಟ್ಯಾಕ್ಟ್ ಬಿಡಿಸುತ್ತದೆ. ಹೊರಗೆ ಕೇಳುವವರಿಗೆ ಇದು ಟ್ರಾನ್ಸ್‌ಫಾರ್ಮರ್ ದೋಷದ ಹಾಗೇ ಕೇಳುತ್ತದೆ. ಪವರ್ ವಾಲ್ವಿನ ಸಾಕೆಟನ್ನು ಟಾರ್ಚ್ ಹಾಕಿ ನೋಡಿ: ಇಎಲ್34, 6ಎಲ್6 ಎಂಬ ವಾಲ್ವುಗಳಲ್ಲಿ 3ನೇ ಪಿನ್ ಪ್ಲೇಟು (ಹೈ ವೋಲ್ಟೇಜ್ ಬರುವ ತುದಿ), ಪಕ್ಕದ 2 ಹೀಟರು. ಇವೆರಡರ ನಡುವೆ ಪೆನ್ಸಿಲ್ ಗೆರೆಯಂಥ ಕಪ್ಪು ದಾರಿ ಕಂಡರೆ ಅಲ್ಲಿ ಕಿಡಿ ಹಾರಿದೆ ಎಂದೇ ಅರ್ಥ. ಒರೆಸಿದರೆ ಹೋಗದು, ಸಾಕೆಟ್ಟೇ ಬದಲಿಸಬೇಕು.

ಈಗ ಪವರ್ ವಾಲ್ವುಗಳನ್ನು ತೆಗೆದಿಟ್ಟು, 60 ವ್ಯಾಟಿನ ಹಳೇ ಫಿಲಮೆಂಟ್ ಬಲ್ಬಿನ ಸೀರೀಸ್ ಬೋರ್ಡ್ (ಬಲ್ಬನ್ನು ದಾಟಿಯೇ ಆಂಪಿಗೆ ಕರೆಂಟ್ ಹೋಗುವ ಬೋರ್ಡ್) ಮೂಲಕ ಆಂಪ್ ಆನ್ ಮಾಡಿ. ಒಂದು ಕೈ ಬೆನ್ನ ಹಿಂದಿರಲಿ. ಎರಡೂ ಸಾಕೆಟಿನ 3ನೇ ಪಿನ್ನಿನಲ್ಲಿ ಔಟ್‌ಪುಟ್ಟಿನ ವೈಂಡಿಂಗಿನ ನಡುವಿನಿಂದ ಹೊರಟ ಸೆಂಟರ್ ಟ್ಯಾಪಿನಷ್ಟೇ ವೋಲ್ಟೇಜ್ ಬರಬೇಕು. ಒಂದರಲ್ಲಿ ಬರದಿದ್ದರೆ ಆ ಅರ್ಧ ವೈಂಡಿಂಗ್ ಕಡಿದಿದೆ. ಇಂಥ ಆಂಪಿನಲ್ಲಿ ಪ್ಲೇಟಿಗೆ ವೋಲ್ಟೇಜ್ ಇಲ್ಲದೆ ಕರೆಂಟೆಲ್ಲ ವಾಲ್ವಿನೊಳಗಿನ ಸ್ಕ್ರೀನ್ ಗ್ರಿಡ್ಡಿಗೆ ಹರಿಯುತ್ತದೆ, ಸ್ಕ್ರೀನ್ ರೆಸಿಸ್ಟರ್ ಮತ್ತೆ ಮತ್ತೆ ಸುಡುತ್ತದೆ. ವಾಲ್ವ್ ಮೇಲೆ ವಾಲ್ವ್ ಬದಲಿಸಿ ದುಡ್ಡು ಕಳೆಯುವುದು ಇಲ್ಲೇ. ಇನ್ನು ಪವರ್ ವಾಲ್ವ್ ಇಲ್ಲದೆಯೂ ಬಲ್ಬ್ ಜೋರಾಗಿ ಉರಿಯುತ್ತಿದ್ದರೆ ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, ಸೆಂಟರ್ ಟ್ಯಾಪ್ ಬಿಡಿಸಿಟ್ಟೇ ಆಂಪ್ ಮತ್ತೆ ಆನ್ ಮಾಡಿ ನೋಡಿ. ಆಗ ಬಲ್ಬ್ ಮಂದವಾದರೆ ಪ್ರೈಮರಿಯೋ (ವಾಲ್ವ್ ಕಡೆಯ ವೈಂಡಿಂಗ್) ಅದರ ತುದಿಯ ಸಾಕೆಟ್ಟೋ ಚಾಸಿಗೆ ಶಾರ್ಟ್ ಆಗಿದೆ. ಮಂದವಾಗದಿದ್ದರೆ ರೆಕ್ಟಿಫೈಯರ್, ಫಿಲ್ಟರ್ ಕೆಪಾಸಿಟರ್, ಪವರ್ ಟ್ರಾನ್ಸ್‌ಫಾರ್ಮರ್ ಕಡೆ ಹುಡುಕಿ.

ಇಷ್ಟಾದ ಮೇಲೆ ಆಫ್ ಮಾಡಿ, ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಔಟ್‌ಪುಟ್ಟಿನ ಎಲ್ಲ ವೈರ್ ಬಿಡಿಸಿ. ಮುಂಚೆ ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ. ಸೆಂಟರ್ ಟ್ಯಾಪಿನಿಂದ ಎರಡು ತುದಿಗೆ ಓಮ್ ಅಳೆದರೆ 38 ಮತ್ತು 42 ಎಂಬಂತೆ ಸ್ವಲ್ಪ ಹೆಚ್ಚುಕಮ್ಮಿ ಬರಬಹುದು. ಅದು ದೋಷವಲ್ಲ, ಹೊರಗಿನ ಪದರದಲ್ಲಿ ಸುತ್ತಿದ ಅರ್ಧಕ್ಕೆ ತಂತಿ ಜಾಸ್ತಿ ಹಿಡಿಯುತ್ತದೆ, ಅಷ್ಟೆ.

ಅಸಲಿ ಪರೀಕ್ಷೆ ಎಂದರೆ ಸುತ್ತುಗಳ ಅನುಪಾತ. ಸಣ್ಣ 12 ವೋಲ್ಟ್ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರಿನ ಎಸಿಯನ್ನು ಎರಡು ಪ್ಲೇಟ್ ವೈರುಗಳಿಗೆ ಕೊಡಿ. ಅಲ್ಲಿ 12.4 ವೋಲ್ಟ್, ಸ್ಪೀಕರಿನ 8 ಓಮ್ ಟ್ಯಾಪಿನಲ್ಲಿ 0.54 ವೋಲ್ಟ್ ಬಂತು ಎನ್ನಿ. ಭಾಗಿಸಿದರೆ ಹತ್ತಿರಹತ್ತಿರ 23. ಅದರ ವರ್ಗವನ್ನು 8ರಿಂದ ಗುಣಿಸಿದರೆ ಸುಮಾರು 4,200 ಓಮ್, ವಾಲ್ವುಗಳಿಗೆ ಕಾಣುವ ಇಂಪೀಡೆನ್ಸ್ ಇದೇ. ಜೋಡಿ 6ಎಲ್6ಗೆ ಇದು ಸರಿಯಾದ ಲೆಕ್ಕ. ಇಎಲ್34 ಜೋಡಿಗೆ 3,400ರ ಆಸುಪಾಸು, ಇಎಲ್84 ಜೋಡಿಗೆ 8,000 ಸಾಮಾನ್ಯ. ಸೆಂಟರ್ ಟ್ಯಾಪಿನಿಂದ ಎರಡೂ ಕಡೆ ಸಮವಾಗಿ 6.2 ವೋಲ್ಟ್ ಬರಬೇಕು. ಓಮಿನಲ್ಲಿ ವ್ಯತ್ಯಾಸವಿದ್ದರೂ ಇಲ್ಲಿ ಇರಬಾರದು, ಸುತ್ತಿನ ಎಣಿಕೆ ಒಂದೇ ತಾನೆ. ಕೊಟ್ಟ 12 ವೋಲ್ಟೇ ಕುಸಿದು ಸ್ಟೆಪ್‌ಡೌನ್ ಬಿಸಿಯಾದರೆ ಒಳಗೆ ಸುತ್ತುಗಳು ಶಾರ್ಟ್ ಆಗಿವೆ. ಮರೆತೂ ಸೆಕೆಂಡರಿಗೆ (ಸ್ಪೀಕರ್ ಕಡೆಯ ವೈಂಡಿಂಗಿಗೆ) 12 ವೋಲ್ಟ್ ಕೊಡಬೇಡಿ: ಪ್ರೈಮರಿಯಲ್ಲಿ 270ಕ್ಕೂ ಮೇಲೆ ಎದ್ದು ನಿಲ್ಲುತ್ತದೆ.

ಅನುಮಾನ ಉಳಿದರೆ ಹಳೇ ಲೈನ್ ಟೆಸ್ಟರಿನೊಳಗಿನ ನಿಯಾನ್ ಬಲ್ಬ್ ಬಿಚ್ಚಿ ಎರಡು ಪ್ಲೇಟ್ ವೈರುಗಳ ನಡುವೆ ಕಟ್ಟಿ. 9 ವೋಲ್ಟ್ ಬ್ಯಾಟರಿಯನ್ನು ಅದೇ ವೈರುಗಳಿಗೆ ಕ್ಲಿಪ್ಪಿನಿಂದ ಕ್ಷಣ ಮುಟ್ಟಿಸಿ ಬಿಡಿ. ಬಿಟ್ಟ ಗಳಿಗೆಗೆ ನಿಯಾನ್ ಮಿಣಕ್ಕನೆ ಮಿಂಚಿದರೆ ವೈಂಡಿಂಗ್ ಆರೋಗ್ಯವಾಗಿದೆ. ಶಾರ್ಟ್ ಆದ ಸುತ್ತು ಆ ಶಕ್ತಿಯನ್ನು ನುಂಗಿಬಿಡುವುದರಿಂದ ದೋಷವಿದ್ದರೆ ಮಿಂಚದು. ಬೆರಳು ತಾಗಿಸಬೇಡಿ, ಚುರುಕ್ ಎನ್ನುತ್ತದೆ.

ಇನ್ಸುಲೇಷನ್ ನೋಡಲು ಪಂಪ್‌ಸೆಟ್ ವೈಂಡಿಂಗ್ ಅಂಗಡಿಗೆ ಹೋಗಿ, ಅವರ ಹತ್ತಿರ ಮೆಗ್ಗರ್ ಇರುತ್ತದೆ. 500 ವೋಲ್ಟಿನಲ್ಲಿ ಪ್ರೈಮರಿ–ಕೋರ್, ಪ್ರೈಮರಿ–ಸೆಕೆಂಡರಿ ಎರಡೂ ಅಳೆಸಿ. ನೂರು ಮೆಗಾ ಓಮ್ ಮೇಲಿದ್ದರೆ ಚಿಂತೆಯಿಲ್ಲ. ಮಳೆಗಾಲದಲ್ಲಿ ಕಮ್ಮಿ ಬಂದರೆ ಎರಡು ದಿನ ಬಿಸಿಲಿಗಿಟ್ಟು ಮತ್ತೆ ಅಳೆಯಿರಿ. ಬಳ್ಳಾರಿ ಬಿಸಿಲಿಗೆ ಇದೊಂದು ಉಪಯೋಗವಾದರೂ ಇರಲಿ.

ಆದರೆ ಅದೇ ಅಂಗಡಿಯಲ್ಲಿ ರಿವೈಂಡ್ ಮಾಡಿಸುವುದಾದರೆ ಎಚ್ಚರ. ಮೊದಲು ಪೂರ್ತಿ ಪ್ರೈಮರಿ, ಮೇಲೆ ಪೂರ್ತಿ ಸೆಕೆಂಡರಿ ಸುತ್ತಿಬಿಟ್ಟರೆ ಆಂಪ್ ನಡೆಯುತ್ತದೆ, ಮೇಲಿನ ಸ್ವರಗಳು ಮಂಕಾಗುತ್ತವೆ. ಔಟ್‌ಪುಟ್ಟಿನಲ್ಲಿ ಪ್ರೈಮರಿ, ಸೆಕೆಂಡರಿಗಳನ್ನು ಭಾಗ ಮಾಡಿ ಒಂದರ ಮೇಲೊಂದು ಹೆಣೆದಿರುತ್ತಾರೆ. ಹಳೆಯದನ್ನು ಬಿಚ್ಚುವಾಗಲೇ ಪದರ, ಸುತ್ತು, ಗೇಜು, ನಡುವಿನ ಕಾಗದ ಎಲ್ಲ ಬರೆದಿಟ್ಟುಕೊಳ್ಳಲು ಹೇಳಿ.

ಹೊಸದು ಕೂರಿಸುವ ಮುಂಚೆ ಹಳೆಯದು ಸುಟ್ಟದ್ದೇಕೆ ಎಂದು ಹುಡುಕಿ. ಸ್ಪೀಕರ್ ಕೇಬಲ್ ಕಳಚಿದ್ದು ಗೊತ್ತಾಗದೆ ಜೋರಾಗಿ ಬಾರಿಸಿದ್ದು, ಸ್ಪೀಕರಿಗೆ ಗಿಟಾರ್ ಕೇಬಲ್ ಹಾಕಿದ್ದು, ಶಾರ್ಟ್ ಆದ ವಾಲ್ವ್, ತಾಳಿಕೆಗಿಂತ ದೊಡ್ಡ ಫ್ಯೂಸ್ ಇವೇ ಮಾಮೂಲಿ ಕಾರಣಗಳು. ಪವರ್ ಟ್ರಾನ್ಸ್‌ಫಾರ್ಮರಿನ 220 ವೋಲ್ಟ್ ಟ್ಯಾಪಿನಲ್ಲಿರುವ ಆಂಪಿಗೆ ಲೈನಿನಲ್ಲಿ 250 ಬಂದರೆ 450 ಇರಬೇಕಾದ ಎಚ್‌ಟಿ (ಒಳಗಿನ ಹೈ ವೋಲ್ಟೇಜ್ ಡಿಸಿ) 510 ದಾಟುತ್ತದೆ. ಟ್ಯಾಪನ್ನು 240ಕ್ಕೆ ಬದಲಿಸಿ.

ಜೋಡಿಸಿ ಆನ್ ಮಾಡಿದಾಗ, ಸ್ಪೀಕರ್ ಹಾಕಿಕೊಂಡೇ, ಆಂಪ್ ಕೀಂ ಎಂದು ಊಳಿಟ್ಟರೆ ಗಾಬರಿಯಾಗಬೇಡಿ. ನೆಗೆಟಿವ್ ಫೀಡ್‌ಬ್ಯಾಕ್ (ಔಟ್‌ಪುಟ್ಟಿನಿಂದ ಹಿಂದಕ್ಕೆ ಉಲ್ಟಾ ಮಾಡಿ ಕೊಡುವ ಸಿಗ್ನಲ್) ತಿರುಗಿ ಪಾಸಿಟಿವ್ ಆಗಿದೆ. ಆಫ್ ಮಾಡಿ, ಕೆಪಾಸಿಟರ್ ಖಾಲಿ ಮಾಡಿ, ಎರಡು ಪ್ಲೇಟ್ ವೈರುಗಳನ್ನು ಅದಲುಬದಲು ಮಾಡಿ.